ನೋಡುವ ತೋಟ, ಮಾಡುವ ತೋಟ

ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಸಸ್ಯೋದ್ಯಾನದಲ್ಲಿ ಸುಮಾರು ಒಂದು ಎಕರೆ ಜಾಗವನ್ನು ಮಕ್ಕಳಿಗೇ ಬಿಟ್ಟಿದ್ದಾರೆ. ಅಲ್ಲಿ ಮಡಿ ಮಾಡುವುದು, ಬಿತ್ತುವುದು, ಕಳೆ ಕೀಳುವುದು, ನೀರು ಹಾಕುವುದು ಎಲ್ಲ ಮಕ್ಕಳ ಕೆಲಸ. ಬೆಳೆದ ಸೊಪ್ಪು, ತರಕಾರಿಯನ್ನು ಮನೆಗೆ ಒಯ್ಯುವವರೂ ಅವರೇ. ಇದು ಶುರುವಾದದ್ದು 1914ರಲ್ಲಿ. ಎರಡು ಮಹಾಯುದ್ಧಗಳು ಬಂದು ಹೋದರೂ ತೋಟ ನಿಂತಿಲ್ಲ. ಸಸ್ಯೋದ್ಯಾನದ ಒಳಗೆ ಎಡೆಬಿಡದೆ ನಡೆದು ಬಂದ ಮಕ್ಕಳ ತೋಟಗಳಲ್ಲಿ ಜಗತ್ತಿನಲ್ಲೇ ಹಳೆಯದು ಎಂಬ ಹೆಸರು ಅದಕ್ಕಿದೆ.

ಈಗ ದೊಡ್ಡ ಸಸ್ಯೋದ್ಯಾನ ಎಂದರೆ ಮಕ್ಕಳ ಕ್ಲಾಸು, ರಜೆಯ ಶಿಬಿರ, ಹದಿಹರೆಯದವರಿಗೆ ತರಬೇತಿ ಸಾಮಾನ್ಯ. ಆದರೆ ಮಕ್ಕಳು ಗೇಟು ದಾಟಿ ಒಳಗೆ ಬಂದದ್ದು ಬಹಳ ತಡವಾಗಿ. ಪಾಠ ಮಾತ್ರ ಮೊದಲಿನಿಂದಲೂ ಇತ್ತು.

ಇಟಲಿಯ ಪಡುವಾದಲ್ಲಿ 1545ರಲ್ಲಿ ಸಸ್ಯೋದ್ಯಾನ ಕಟ್ಟಿದ್ದೇ ಪಾಠಕ್ಕೆ. ಅಲ್ಲಿನ ವೈದ್ಯ ವಿದ್ಯಾರ್ಥಿಗಳು ಔಷಧಿ ಗಿಡಗಳ ವಿವರವನ್ನು ಹಳೆಯ ಗ್ರೀಕ್ ಗ್ರಂಥಗಳಿಂದ ಓದುತ್ತಿದ್ದರು. ಗಿಡವೇ ಕಣ್ಣೆದುರು ಬಂದರೆ ಗುರುತು ಸಿಗುತ್ತಿರಲಿಲ್ಲ. ಒಂದರ ಬದಲು ಇನ್ನೊಂದು ಬೇರು ಮಾರುವವರೂ ಇದ್ದರು. ತಪ್ಪು ಬೇರು ಕುದಿಸಿ ಕೊಟ್ಟರೆ ರೋಗಿಯ ಗತಿ? ಹಾಗಾಗಿ ಜೀವಂತ ಗಿಡ ತೋರಿಸಿ ಕಲಿಸಬೇಕು ಎಂದು ಫ್ರಾನ್ಸೆಸ್ಕೊ ಬೊನಾಫೆಡೆ ಎಂಬ ಪ್ರಾಧ್ಯಾಪಕ ಹಟ ಹಿಡಿದ, ವೆನಿಸ್ ಸರ್ಕಾರ ಒಪ್ಪಿತು. ತೋಟ ಆದ ಮೇಲೆ ರಾತ್ರಿ ಹೊತ್ತು ಬೆಲೆಬಾಳುವ ಗಿಡಗಳ ಕಳ್ಳತನ ಶುರುವಾಯಿತು. ದಂಡ, ಜೈಲು, ಗಡಿಪಾರು ಎಂದರೂ ಕಳ್ಳರು ಬಗ್ಗಲಿಲ್ಲ. ಕೊನೆಗೆ ಸುತ್ತ ಗುಂಡನೆಯ ಗೋಡೆ ಎದ್ದಿತು. ಆ ಗೋಡೆ ಇವತ್ತೂ ಇದೆ. ಲಂಡನ್ನಿನ ಚೆಲ್ಸಿಯಲ್ಲಿ 1673ರಲ್ಲಿ ಔಷಧಿ ವ್ಯಾಪಾರಿಗಳ ಸಂಘ ಮಾಡಿದ ತೋಟವೂ ಇದೇ ಬಗೆಯದು. ಕಲಿಯುವವರು ಅವರ ಅಂಗಡಿಯ ಹುಡುಗರು.

ಆಮೇಲೆ ಸಾಮ್ರಾಜ್ಯಗಳ ಕಾಲ ಬಂತು. ಗಿಡ ಎಂದರೆ ವ್ಯಾಪಾರದ ಸರಕು ಎನ್ನುವಂತಾಯಿತು. ಕಲ್ಕತ್ತಾದಲ್ಲಿ 1787ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತೋಟ ಮಾಡಿದ್ದು ಮಕ್ಕಳಿಗೆ ಹೂವು ತೋರಿಸಲು ಅಲ್ಲ. ಹೈದರ್ ಅಲಿ 1760ರಲ್ಲಿ ಶುರು ಮಾಡಿದ ನಮ್ಮ ಲಾಲ್‌ಬಾಗ್ 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾದಾಗಲೂ ಕೆಲಸ ಅದೇ: ಹೊರದೇಶದ ಗಿಡ ತರಿಸು, ಇಲ್ಲಿನ ಹವೆಗೆ ಒಗ್ಗಿಸು, ಸಸಿ ಹಂಚು. ಆಮೇಲೆ ಲಾಲ್‌ಬಾಗ್‌ನ ಮೇಲ್ವಿಚಾರಕರಾಗಿದ್ದ ಕ್ಯಾಮೆರಾನ್ ಸಾಹೇಬರ ಕಾಲದಲ್ಲಿ ಹೀಗೆ ಬಂದದ್ದೇ ಸೀಮೆಬದನೆಕಾಯಿ. ಅದನ್ನು ಬೇಡ ಎಂದು ತಟ್ಟೆಯ ಬದಿಗೆ ಸರಿಸುವ ಮಕ್ಕಳು ಅವರನ್ನೇ ಬೈಯಬೇಕು.

ಇಂಥ ತೋಟಗಳಲ್ಲಿ ಕಲಿಕೆ ಎಂದರೆ ಮಾಲಿಗಳ ತಯಾರಿ. ಲಂಡನ್ನಿನ ಕ್ಯೂ ತೋಟ ಅದರ ದೊಡ್ಡ ಗರಡಿಮನೆ. ಕ್ಯಾಮೆರಾನ್, ಅವರ ನಂತರ 1908ರಲ್ಲಿ ಲಾಲ್‌ಬಾಗ್‌ಗೆ ಬಂದ ಜರ್ಮನಿಯ ಕ್ರುಂಬಿಗಲ್, ಇಬ್ಬರೂ ಅಲ್ಲಿ ಪಳಗಿದವರು. ಆ ಗರಡಿಗೆ ಹೆಣ್ಣುಮಕ್ಕಳಿಗೆ ಪ್ರವೇಶ ಸಿಕ್ಕಿದ್ದು 1896ರಲ್ಲಿ. ಅವರು ಗಂಡಸರ ಹಾಗೆ ಚಡ್ಡಿ ತೊಟ್ಟು ಕೆಲಸ ಮಾಡುವುದನ್ನು ನೋಡಲೆಂದೇ ಜನ ಬರುತ್ತಿದ್ದರು.

ಹಾಗಾದರೆ ಚಿಕ್ಕ ಮಕ್ಕಳು? ಅವರ ತೋಟ ಹುಟ್ಟಿದ್ದು ಸಸ್ಯೋದ್ಯಾನದ ಹೊರಗೆ. ಜರ್ಮನಿಯ ಫ್ರೋಬೆಲ್ ಶಿಶುವಿಹಾರ ಕಟ್ಟಿದಾಗ ಪ್ರತಿ ಮಗುವಿಗೂ ಸ್ವಂತದ್ದೊಂದು ಪುಟ್ಟ ಪಾತಿ ಇರಲಿ ಎಂದಿದ್ದರು. ಅಮೆರಿಕದಲ್ಲಿ ಬಾಸ್ಟನ್ ನಗರದ ರಾಕ್ಸ್‌ಬರಿ ಬಡಾವಣೆಯ ಶಾಲೆಯೊಂದರಲ್ಲಿ 1891ರಲ್ಲಿ ಶಾಲಾ ತೋಟ ಶುರುವಾಯಿತು. ಕ್ಲೀವ್‌ಲ್ಯಾಂಡ್‌ನಲ್ಲಿ 1900ರ ಸುಮಾರಿಗೆ ಶಾಲಾ ಮಕ್ಕಳಿಗೆ ಒಂದು ಸೆಂಟಿಗೆ ಒಂದು ಪೊಟ್ಟಣ ಬೀಜ ಸಿಗುತ್ತಿತ್ತು.

ಇವೆಲ್ಲಕ್ಕಿಂತ ಸ್ವಾರಸ್ಯ ನ್ಯೂಯಾರ್ಕಿನ ಫ್ಯಾನಿ ಗ್ರಿಸ್ಕಮ್ ಪಾರ್ಸನ್ಸ್ ಅವರ ಕಥೆ. 1902ರಲ್ಲಿ ಅವರು ಮ್ಯಾನ್‌ಹಟನ್‌ನ ಡಿವಿಟ್ ಕ್ಲಿಂಟನ್ ಪಾರ್ಕ್‌ನಲ್ಲಿ ಮಕ್ಕಳ ಹೊಲವನ್ನೇ ತೆರೆದರು. ಸುತ್ತಲಿನದು ಬಡವರ, ವಲಸೆ ಬಂದವರ ಕೇರಿ. ಒತ್ತೊತ್ತಾಗಿ ಕಟ್ಟಿದ ವಠಾರಗಳು. ನಾಲ್ಕು ತರಕಾರಿ, ನಾಲ್ಕು ಹೂವು ಬೆಳೆಯಲು ಮಾತ್ರ ಈ ತೋಟ ಮಾಡಿಲ್ಲ ಎಂದು ಆಕೆ ಬಾಯಿಬಿಟ್ಟೇ ಹೇಳಿದರು. ಮಕ್ಕಳು ಎಷ್ಟು ಆಸೆಯಿಂದ ದುಡಿಯುತ್ತಾರೆ ಎಂದು ಊರಿಗೆ ತೋರಿಸಬೇಕಿತ್ತು. ಸಾರ್ವಜನಿಕ ಜಾಗವನ್ನು ತನ್ನದೆಂದು ನೋಡಿಕೊಳ್ಳುವುದು, ದುಡಿಮೆಯ ಮರ್ಯಾದೆ, ನ್ಯಾಯ ಇವನ್ನೆಲ್ಲ ಅಲ್ಲಿ ಕಲಿಸಬೇಕಿತ್ತು. ಇದರಲ್ಲಿ ಬಡವರ ಮಕ್ಕಳನ್ನು ತಿದ್ದುತ್ತೇವೆ ಎನ್ನುವ ಉಳ್ಳವರ ಧಾಟಿಯೂ ಇಲ್ಲದಿಲ್ಲ. ಆದರೂ ಪಾರ್ಕಿನ ನೆಲವನ್ನು ಮಗುವಿನ ಕೈಗೆ ಕೊಡುವುದು ಆ ಕಾಲಕ್ಕೆ ಸಣ್ಣ ಧೈರ್ಯವಲ್ಲ.

ಅದೇ ಧೈರ್ಯವನ್ನು ಸಸ್ಯೋದ್ಯಾನದ ಒಳಗೆ ತಂದವರು ಎಲೆನ್ ಎಡ್ಡಿ ಶಾ. 1910ರಲ್ಲಿ ಬ್ರೂಕ್ಲಿನ್ ಸಸ್ಯೋದ್ಯಾನ ಹುಟ್ಟಿದ ಜಾಗದಲ್ಲಿ ಮೊದಲು ಒಲೆಗಳ ಬೂದಿ ಸುರಿಯುತ್ತಿದ್ದರು. 1913ರಲ್ಲಿ ಮಕ್ಕಳ ಪಾಠದ ಹೊಣೆ ಶಾ ಅವರಿಗೆ ಸಿಕ್ಕಿತು. ಮರುವರ್ಷವೇ ಮಕ್ಕಳ ತೋಟ ತಯಾರು. 1945ರಲ್ಲಿ ನಿವೃತ್ತಿಯಾಗುವ ತನಕ ಅವರು ಅದನ್ನು ನೋಡಿಕೊಂಡರು.

ಮೊದಲ ಮಹಾಯುದ್ಧದಲ್ಲಿ ಆಹಾರ ಕಡಿಮೆಯಾದಾಗ ಅಮೆರಿಕ ಸರ್ಕಾರವೇ ಶಾಲಾ ಮಕ್ಕಳ ತೋಟದ ಸೈನ್ಯ ಕಟ್ಟಿತು. ಲಕ್ಷಾಂತರ ಮಕ್ಕಳು ಬ್ಯಾಡ್ಜು ಹಾಕಿಕೊಂಡು ಆಲೂಗಡ್ಡೆ, ಬೀನ್ಸ್ ಬೆಳೆದರು. ಯುದ್ಧ ಮುಗಿಯಿತು, ದುಡ್ಡು ನಿಂತಿತು, ಬಹುಪಾಲು ತೋಟಗಳು ಹಾಳುಬಿದ್ದವು. ಬ್ರೂಕ್ಲಿನ್ನಿನದು ಉಳಿಯಿತು. ಯಾಕೆ? ನನಗೆ ಕಾಣುವ ಕಾರಣಗಳು ತೀರಾ ಸಾದಾ. ನೆಲ ಸಸ್ಯೋದ್ಯಾನದ್ದೇ ಆಗಿತ್ತು. ಸಂಬಳದ ಸಿಬ್ಬಂದಿ ಇದ್ದರು. ಒಬ್ಬರೇ ಮೂವತ್ತು ವರ್ಷ ಅಲ್ಲಿ ಬೇರುಬಿಟ್ಟಿದ್ದರು. ಶಾಲಾ ತೋಟವಾದರೆ ಉತ್ಸಾಹಿ ಮೇಷ್ಟ್ರಿಗೆ ವರ್ಗವಾದ ಕೂಡಲೇ ಒಣಗುತ್ತದೆ. ಇದು ನಮ್ಮೂರ ಶಾಲೆಗಳನ್ನು ನೋಡಿದವರಿಗೆ ಗೊತ್ತಿಲ್ಲದ್ದೇನಲ್ಲ, ಅಲ್ವಾ?

ಈಗ ಬ್ರೂಕ್ಲಿನ್ನಿನಲ್ಲಿ ಪುಟಾಣಿಗಳಿಂದ ಹಿಡಿದು ಹೈಸ್ಕೂಲಿನವರವರೆಗೆ ಕ್ಲಾಸುಗಳಿವೆ. ಹದಿಹರೆಯದವರ ತರಬೇತಿಯಲ್ಲಿ ದೊಡ್ಡ ಹುಡುಗರು, ಹುಡುಗಿಯರು ತಾವು ಕಲಿತು ಚಿಕ್ಕವರಿಗೆ ಕಲಿಸುತ್ತಾರೆ. ಮಾಡುವ ಕೆಲಸಕ್ಕೂ ಹೇಳಿಕೊಡುವ ಕೆಲಸಕ್ಕೂ ನಡುವೆ ಗೋಡೆ ಇಲ್ಲ.

ಇನ್ನು ಲಾಲ್‌ಬಾಗ್. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ 10 ತಿಂಗಳ ತರಬೇತಿ ನಡೆಸುವ ಜಾಗಗಳಲ್ಲಿ ಅದೂ ಒಂದು. ಎಸ್ಸೆಸ್ಸೆಲ್ಸಿ ಮುಗಿಸಿದ ಯುವಕ ಯುವತಿಯರು ಅರ್ಜಿ ಹಾಕುತ್ತಾರೆ, ಕಸಿ ಕಟ್ಟುವುದು, ಸಸಿ ಮಾಡುವುದು ಕಲಿಯುತ್ತಾರೆ. ಕ್ಯೂ ಗರಡಿಯ ಹಳೆಯ ಸಾಲಿಗೆ ಸೇರುವ ಈ ಕೆಲಸಕ್ಕೆ ಪತ್ರಿಕೆಗಳಲ್ಲಿ ಸಿಗುವ ಜಾಗ ಕಡಿಮೆ. ಫಲಪುಷ್ಪ ಪ್ರದರ್ಶನದ ಫೋಟೊಗಳಿಗೇ ಜಾಸ್ತಿ. ಆಗಸ್ಟ್‌ನಲ್ಲಿ ಶಾಲೆಗಳಿಂದ ಬಸ್ಸುಗಟ್ಟಲೆ ಮಕ್ಕಳು ಬರುತ್ತಾರೆ. ಗಾಜಿನಮನೆಯಲ್ಲಿ ಹಗ್ಗದ ಆಚೆ ಹೂವು, ಈಚೆ ಸಾಲು. ಒಳ್ಳೆಯದೇ, ನೋಡುವುದೂ ಬೇಕು. ಆದರೆ ಒಂದು ದಿನದ ಪ್ರವಾಸದಲ್ಲಿ ಕಾಳು ಬಳ್ಳಿಯಾಗುವುದು ಕಾಣಿಸುವುದಿಲ್ಲ.

ಬ್ರೂಕ್ಲಿನ್ ಮಾದರಿಯನ್ನು ಸುಮ್ನೆ ಎತ್ತಿ ತಂದರೂ ಆಗುವುದಿಲ್ಲ, ಬೆಳೆಯ ಕಾಲ ಬೇರೆ. ಅಲ್ಲಿ ವಸಂತದಲ್ಲಿ ಬಿತ್ತಿದರೆ ಬೇಸಿಗೆ ರಜೆಯೇ ಬೆಳೆಯುವ ಕಾಲ. ಮಕ್ಕಳಿಗೆ ಬಿಡುವೂ ಇರುತ್ತದೆ. ನಮ್ಮಲ್ಲಿ ರಜೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಬಿಸಿಲು, ನೀರಿನ ತಾಪತ್ರಯ. ಹತ್ತು ದಿನದ ಶಿಬಿರದಲ್ಲಿ ಮೆಂತ್ಯ ಮೊಳಕೆ ಒಡೆದೀತು, ಅಷ್ಟೇ. ನಮ್ಮ ಕಾಲ ಮಳೆಗಾಲ, ಅದು ಶಾಲೆಯ ಕಾಲವೂ ಹೌದು. ಹಾಗಾಗಿ ಇಲ್ಲಿ ಮಕ್ಕಳ ತೋಟ ನಡೆಯಬೇಕಾದರೆ ಶಿಬಿರಕ್ಕಿಂತ ಶನಿವಾರಗಳು ಬೇಕು. ಶಾಲೆಯ ವೇಳಾಪಟ್ಟಿಯಲ್ಲೇ ಅದಕ್ಕೆ ಜಾಗ ಬೇಕು. ಜೂನ್ ಮೊದಲಲ್ಲಿ ಬಿತ್ತಿದರೆ ಹರಿವೆ ಸೊಪ್ಪು ತಿಂಗಳಲ್ಲಿ ಕೈಗೆ ಬರುತ್ತದೆ. ಬೀನ್ಸು ಆಗಸ್ಟ್ ಹೊತ್ತಿಗೆ, ಅಂದರೆ ಪ್ರದರ್ಶನದ ಟಿಕೆಟ್ ಕೌಂಟರ್ ತೆರೆಯುವ ಹೊತ್ತಿಗೆ.