ಹವಳದ ದಿಬ್ಬ ಎಷ್ಟು ಆಳದಲ್ಲಿ ಬೆಳೆಯುತ್ತದೆ?

ಪ್ರಶ್ನೆ: ಸಮುದ್ರದಲ್ಲಿ ಹವಳದ ದಿಬ್ಬಗಳು ಎಷ್ಟು ಆಳದವರೆಗೆ ಬೆಳೆಯುತ್ತವೆ? ನಮ್ಮ ಮನೆಗೆ ಹಾಸಿದ ಶಹಾಬಾದ್ ಫರಸಿಯೂ ಒಂದು ಕಾಲಕ್ಕೆ ಸಮುದ್ರದ ತಳ ಅಂತಾರೆ. ಅದೂ ಹವಳನಾ?
– ಕಲಬುರಗಿಯ ಓದುಗರೊಬ್ಬರು

ಉತ್ತರ: ನಮ್ಮ ಕಡೆ ಸಾಕಪ್ಪಾ ಸಾಕು ಅನ್ನುವಷ್ಟು ಇರುವ ಬಿಸಿಲೇ ಹವಳಕ್ಕೆ ಬೇಕು. ಫೋಟೋಗಳಲ್ಲಿ ಕಾಣುವ ಬಣ್ಣಬಣ್ಣದ ದಿಬ್ಬಗಳು ಚೆನ್ನಾಗಿ ಬೆಳೆಯುವುದು ಮೇಲಿನ 25-30 ಮೀಟರ್‌ನಲ್ಲಿ, ಅಂದರೆ ಹೆಚ್ಚುಕಮ್ಮಿ 100 ಅಡಿಯೊಳಗೆ. 50 ಮೀಟರ್ ದಾಟಿದರೆ ತೀರಾ ಕಡಿಮೆ.

ಹವಳ ಅಂದರೆ ಪುಟ್ಟ ಪ್ರಾಣಿ. ಅದು ಕಟ್ಟಿಕೊಳ್ಳುವ ಸುಣ್ಣದ ಗೂಡುಗಳು ಒಂದರ ಮೇಲೊಂದು ಸೇರಿಯೇ ದಿಬ್ಬ ಆಗುವುದು. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಬಾಡಿಗೆಗೆ ಇರುತ್ತದೆ. ಬಿಸಿಲು ಬಿದ್ದರೆ ಪಾಚಿ ಅಡುಗೆ ಮಾಡುತ್ತದೆ, ಮನೆ ಮಾಲೀಕನಿಗೆ ಬೇಕಾದ ಶಕ್ತಿಯಲ್ಲಿ ನೂರಕ್ಕೆ 90ರವರೆಗೂ ಅದೇ ಒದಗಿಸುತ್ತದೆ. ಆಳಕ್ಕೆ ಹೋದಂತೆ ಬೆಳಕು ಕಮ್ಮಿಯಾಗಿ ಒಲೆ ಆರುತ್ತದೆ.

ಹಾಗಾಗಿ ಆಳದಷ್ಟೇ ನೀರಿನ ತಿಳಿಯೂ ಮುಖ್ಯ. ಮಳೆಗಾಲದಲ್ಲಿ ಭೀಮೆಯ ನೀರನ್ನು ಬೊಗಸೆಯಲ್ಲಿ ಹಿಡಿದು ನೋಡಿ, ಅಂಗೈ ಗೆರೆ ಕಾಣಲ್ಲ. ಆ ರಾಡಿ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಇಂಥ ದೊಡ್ಡ ನದಿಗಳ ಬಾಯಲ್ಲಿ ಹವಳದ ದಿಬ್ಬ ಕಟ್ಟುವುದಿಲ್ಲ. ಲಕ್ಷದ್ವೀಪದಲ್ಲಿ ನದಿಯೇ ಇಲ್ಲ, ನೀರು ಗಾಜಿನ ಹಾಗೆ. ಅಲ್ಲಿ ದ್ವೀಪಗಳೇ ಹವಳದವು.

ತುಂಬಾ ತಿಳಿ ನೀರಿದ್ದರೆ ಕೆಲವು ಹಟಮಾರಿ ಜಾತಿಗಳು ಇನ್ನೂ ಕೆಳಗೆ ಇಳಿಯುತ್ತವೆ. ಲೆಪ್ಟೋಸೆರಿಸ್ ಎಂಬ ಹವಳ ಪೆಸಿಫಿಕ್‌ನಲ್ಲಿ 165 ಮೀಟರ್ ಆಳದಲ್ಲೂ ಸಿಕ್ಕಿದೆ. ಅದು 540 ಅಡಿ, ನಮ್ಮ ಹೊಲದ ಬೋರ್ ಲೆಕ್ಕ! ಇದ್ದಷ್ಟು ಬೆಳಕು ಹಿಡಿಯಲು ಅದು ತಟ್ಟೆಯ ಹಾಗೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ.

ಬಿಸಿಲಿನ ಹಂಗೇ ಇಲ್ಲದ ಹವಳವೂ ಇದೆ. ಅದರ ಮೈಯಲ್ಲಿ ಪಾಚಿ ಇಲ್ಲ. ತೇಲಿ ಬರುವ ಸಣ್ಣ ಜೀವಿಗಳನ್ನು ತಾನೇ ಹಿಡಿದು ತಿನ್ನುತ್ತದೆ. ನಾರ್ವೆ ಕರಾವಳಿಯಲ್ಲಿ 2002ರಲ್ಲಿ ಪತ್ತೆಯಾದ ರೋಸ್ಟ್ ದಿಬ್ಬ ಇರುವುದು 300-400 ಮೀಟರ್ ಆಳದ ಕತ್ತಲಲ್ಲಿ, ಕೊರೆಯುವ ತಣ್ಣೀರಿನಲ್ಲಿ. ಉದ್ದ 35 ಕಿಲೋಮೀಟರ್‌ಗಿಂತ ಜಾಸ್ತಿ. ಇಂಥ ತಣ್ಣೀರಿನ ಹವಳ 2,000 ಮೀಟರ್ ಕೆಳಗೂ ಉಂಟು.

ಇನ್ನೊಂದು ಬೋರ್ ಕಥೆ ಹೇಳಲೇಬೇಕು. 1952ರಲ್ಲಿ ಪೆಸಿಫಿಕ್‌ನ ಎನಿವೆಟಾಕ್ ಹವಳದ್ವೀಪದಲ್ಲಿ ಬೋರ್ ಕೊರೆದರು. ಸುಮಾರು 1,400 ಮೀಟರ್ ಇಳಿದರೂ ಸುಣ್ಣದ ಕಲ್ಲೇ. ಆಮೇಲೆ ಜ್ವಾಲಾಮುಖಿಯ ಕರಿಕಲ್ಲು ಸಿಕ್ಕಿತು, ನಮ್ಮ ಆಳಂದದ ಕಡೆ ಇರುವ ಜಾತಿಯದ್ದೇ. ಹಾಗಂತ ಆ ಹವಳ ಅಷ್ಟು ಕೆಳಗೆ ಹುಟ್ಟಿದ್ದಲ್ಲ. ತಳ ನಿಧಾನಕ್ಕೆ ಕುಸಿಯುತ್ತಾ ಹೋಯಿತು, ಹವಳ ಬೆಳಕು ಬಿಡದೆ ಮೇಲಕ್ಕೆ ಕಟ್ಟುತ್ತಾ ಬಂತು. ಹೀಗೇ ಆಗಿರಬೇಕು ಅಂತ ಡಾರ್ವಿನ್ 1842ರಲ್ಲೇ ಬರೆದಿದ್ದರು.

ಇನ್ನು ನಿಮ್ಮ ಫರಸಿ. ಅದು ಸಮುದ್ರದ್ದು ಹೌದು, ಹವಳದ್ದಲ್ಲ. ಆ ಕಾಲಕ್ಕೆ ಹವಳ ಇನ್ನೂ ಹುಟ್ಟೇ ಇರಲಿಲ್ಲ. ನುಣ್ಣನೆ ಸುಣ್ಣದ ಕೆಸರು ಪದರ ಪದರವಾಗಿ ಕೂತು ಕಲ್ಲಾಗಿದ್ದು ಅದು. ಆದರೂ ಎರಡರಲ್ಲಿರುವ ಸರಕು ಒಂದೇ, ಕ್ಯಾಲ್ಸಿಯಂ ಕಾರ್ಬೊನೇಟ್. ಫರಸಿ ಮೇಲೆ ನಿಂಬೆರಸ ಬಿದ್ದು ಹಾಗೇ ಬಿಟ್ಟರೆ ಆ ಜಾಗ ಮಂಕಾಗುತ್ತದಲ್ವಾ? ಹವಳದ ಚೂರಿನ ಮೇಲೆ ಹಿಂಡಿದರೂ ಅಷ್ಟೇ.