ಬಂಪರ್ ಸರಿಯಾದರೂ ನಿಲ್ಲದ ನಡುಕ

ಸಿಗ್ನಲ್‌ನಲ್ಲಿ ನಿಂತ ಕಾರಿಗೆ ಹಿಂದಿನಿಂದ ಇನ್ನೊಂದು ಕಾರು ಬಂದು ಗುದ್ದಿತು ಅಂದುಕೊಳ್ಳಿ. ಬಂಪರ್ ನಜ್ಜುಗುಜ್ಜು. ಒಳಗಿದ್ದವರಿಗೆ ತರಚು ಗಾಯವೂ ಇಲ್ಲ. ವಾರದಲ್ಲಿ ಕಾರು ರಿಪೇರಿಯಾಗಿ ಬರುತ್ತದೆ. ಓಡಿಸುವವರ ಕಣ್ಣು ಮಾತ್ರ ರಸ್ತೆಗಿಂತ ಜಾಸ್ತಿ ಹಿಂದಿನದನ್ನು ತೋರಿಸುವ ಕನ್ನಡಿಯ ಮೇಲೇ. ಎಲ್ಲೋ ಬ್ರೇಕ್ ಕಿರುಗುಟ್ಟಿದರೆ ಅಂಗೈ ಒದ್ದೆ. ಎರಡು ತಿಂಗಳಲ್ಲಿ ಕಾರಿನ ಕೀ ಮುಟ್ಟುವುದನ್ನೇ ಬಿಡುತ್ತಾರೆ. ಮನೋವೈದ್ಯರ ಬಿಲ್ ನೋಡಿದ ವಿಮಾ ಕಂಪನಿ ಕೇಳುತ್ತದೆ: ಹೋಗಿದ್ದು ಬಂಪರ್ ತಾನೇ?

ಮಿದುಳು ಬಂಪರ್ ನೋಡಿ ಲೆಕ್ಕ ಹಾಕುವುದಿಲ್ಲ. ಅಪಾಯ ಎದುರಾದಾಗ ಅಮಿಗ್ಡಲ ಎಂಬ ಪುಟ್ಟ ಭಾಗ ಚುರುಕಾಗುತ್ತದೆ, ಅಡ್ರಿನಲಿನ್ ನುಗ್ಗುತ್ತದೆ, ಆ ಕ್ಷಣದ ಸದ್ದು, ವಾಸನೆ ಎಲ್ಲ ಗಟ್ಟಿಯಾಗಿ ಅಚ್ಚಾಗುತ್ತವೆ. ಆಮೇಲೆ ಕಾಡುವ ಭಯಕ್ಕೆ ಗಾಯ ಎಷ್ಟು ದೊಡ್ಡದು ಅನ್ನೋದಕ್ಕಿಂತ 'ಸತ್ತೇ ಹೋದೆ' ಅನ್ನಿಸಿತ್ತಾ ಅನ್ನೋದೇ ಒಳ್ಳೆಯ ಸುಳಿವು.

ಈ ಜಗಳ ಕಾರಿಗಿಂತ ಹಳೆಯದು. ಆಸ್ಟ್ರೇಲಿಯಾದ ವಿಕ್ಟೋರಿಯಾದಲ್ಲಿ 1886ರಲ್ಲಿ ರೈಲ್ವೆ ಗೇಟ್ ಕಾಯುವವನ ತಪ್ಪಿನಿಂದ ಒಂದು ಕುದುರೆಗಾಡಿ ಹಳಿಯ ಮೇಲೆ ಹೋಯಿತು. ರೈಲು ಕೂದಲೆಳೆಯಲ್ಲಿ ಹಾದುಹೋಯಿತು, ತಾಗಲಿಲ್ಲ. ಗಾಡಿಯಲ್ಲಿದ್ದ ಹೆಂಗಸು ಆ ಆಘಾತಕ್ಕೆ ಕಾಯಿಲೆ ಬಿದ್ದರು. ಅಲ್ಲಿನ ನ್ಯಾಯಾಲಯ ಪರಿಹಾರ ಕೊಟ್ಟಿತು. ಆಗ ಬ್ರಿಟಿಷ್ ವಸಾಹತುಗಳ ಕೊನೆಯ ಮೇಲ್ಮನವಿ ಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ 1888ರಲ್ಲಿ ಅದನ್ನು ಕಿತ್ತುಕೊಂಡಿತು. ಬರೀ ಹೆದರಿಕೆಗೆ ದುಡ್ಡು ಕೊಟ್ಟರೆ ಸುಳ್ಳು ಕ್ಲೇಮುಗಳು ಹೆಚ್ಚುತ್ತವೆ ಅನ್ನುವ ಆತಂಕವೂ ಆ ತೀರ್ಪಿನಲ್ಲಿತ್ತು.

ಅದೇ ಅನುಮಾನ 1961ರಲ್ಲಿ ವೈದ್ಯರ ಬಾಯಲ್ಲೇ ಬಂತು. ಪರಿಹಾರ ಕೈಗೆ ಬಂದರೆ ಇಂಥವರು ಹುಷಾರಾಗುತ್ತಾರೆ ಅಂದರು ಬ್ರಿಟನ್ನಿನ ನರರೋಗ ತಜ್ಞ ಹೆನ್ರಿ ಮಿಲ್ಲರ್. ಮುಂದೆ ಬೇರೆಯವರು ದುಡ್ಡು ಸಿಕ್ಕವರನ್ನು ಹುಡುಕಿ ಮಾತಾಡಿಸಿದಾಗ ಎಷ್ಟೋ ಜನ ಹಾಗೇ ನರಳುತ್ತಿದ್ದರು. ನಾಟಕ ಆಡುವವರು ಇರುವುದೇ ಇಲ್ಲ ಅಂತಲ್ಲ. ಆದರೆ ಎಲ್ಲರನ್ನೂ ಅದೇ ತಕ್ಕಡಿಯಲ್ಲಿ ತೂಗೋದು ಸುಮ್ನೆ ಸೋಮಾರಿತನ.

ನಿಜವಾದ ಇಕ್ಕಟ್ಟು ಇರೋದು ಗಡಿಯಾರದಲ್ಲಿ. ಆಘಾತ ಮುಗಿದ ಮೇಲೂ ಬಿಡದೆ ಕಾಡುವ ಈ ಮಾನಸಿಕ ಕಾಯಿಲೆಗೆ ಪಿಟಿಎಸ್‌ಡಿ ಅನ್ನುತ್ತಾರೆ. ಆ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಈಗಿನ ನಿಯಮದಂತೆ ಲಕ್ಷಣಗಳು ಒಂದು ತಿಂಗಳು ಮೀರಿದರೆ ಮಾತ್ರ ಆ ಹೆಸರು. ಕೆಲವರಲ್ಲಿ ಪೂರ್ತಿ ಕಾಣಿಸಿಕೊಳ್ಳೋದೇ ಆರು ತಿಂಗಳ ಮೇಲೆ. ಅಪಘಾತದ ಜಾಗದಲ್ಲಿ ನಡುಗುತ್ತಲೇ 'ಏನೂ ಆಗಿಲ್ಲ' ಅಂದಿರುತ್ತೀರಲ್ವಾ? ಆ ಎರಡು ಪದ ಫೈಲಿನಲ್ಲಿ ಉಳಿದಿರುತ್ತವೆ.

ಇನ್ನೊಂದು ಜಗಳ, 'ಇವರಿಗೆ ಮೊದಲೇ ಖಿನ್ನತೆ ಇತ್ತು' ಅನ್ನೋದು. ಗುದ್ದಿದವರ ವಿಮೆಯಿಂದ ಕೇಳುವಾಗ ಹಲವು ದೇಶಗಳ ಕಾನೂನು ನಿಮ್ಮ ಕಡೆ: ತಲೆಬುರುಡೆ ತೆಳುವಾಗಿತ್ತು ಅಂತ ಒಡೆದವನು ತಪ್ಪಿಸಿಕೊಳ್ಳುವಂತಿಲ್ಲ. ನಿಮ್ಮದೇ ಆರೋಗ್ಯ ಪಾಲಿಸಿಯಲ್ಲಾದರೆ ಅದರ ಷರತ್ತೇ ಕೊನೆಯ ಮಾತಾಗಬಹುದು.

ಚಿಕಿತ್ಸೆಯಲ್ಲಿ ಹಳೆಯ ಭಯ ಅಳಿಸಿಹೋಗುವುದಿಲ್ಲ. ಅದರ ಪಕ್ಕದಲ್ಲೇ 'ಈಗ ಅಪಾಯವಿಲ್ಲ' ಅನ್ನೋ ಹೊಸ ನೆನಪು ಬೆಳೆಯಬೇಕು. ಅದಕ್ಕೇ ಮೊದಲು ನಿಂತ ಕಾರಿನಲ್ಲಿ ಕೂರೋದು, ಆಮೇಲೆ ಎಂಜಿನ್ ಶುರು ಮಾಡೋದು, ಆಮೇಲೆ ಒಂದು ಸುತ್ತು. ಪ್ರತಿ ಸಲವೂ ಭಯಕ್ಕೆ 100ಕ್ಕೆ ಎಷ್ಟು ಅಂತ ರೋಗಿಯೇ ಅಂಕ ಹಾಕುತ್ತಾರೆ. ಕೈಕಾಲು ಮುರಿದರೆ ಎಕ್ಸ್‌ರೇ ಇದೆ, ಇಲ್ಲಿ ತಾರೀಕು ಹಾಕಿದ ಈ ಅಂಕಗಳೇ ದಾಖಲೆ. ಜಗಳಕ್ಕೂ ಇವೇ ಸರಕು. 90 ಇದ್ದದ್ದು 40ಕ್ಕೆ ಬಂತಲ್ಲ, ಇನ್ನು ಸಾಕು ಅನ್ನುತ್ತದೆ ಕಂಪನಿ. ಇನ್ನೂ ಹೆದ್ದಾರಿಗೇ ಇಳಿದಿಲ್ಲ ಅನ್ನುತ್ತಾರೆ ಡಾಕ್ಟರು.