ದುಡ್ಡು ತಗೊಂಡು ಫುಟ್‌ಬಾಲ್ ಆಡಿದ ಮೊದಲಿಗ ಯಾರು?

ಫುಟ್‌ಬಾಲ್ ವಿಷಯ ಬಂದಾಗಲೆಲ್ಲ ಓದುಗರು ಇದನ್ನು ಕೇಳುತ್ತಾರೆ. ನನ್ನ ಉತ್ತರ ಫರ್ಗಸ್ ಸೂಟರ್. 1876ರಲ್ಲೇ ಇಂಗ್ಲೆಂಡಿನ ಶೆಫೀಲ್ಡಿಗೆ ಆಡಲು ಹೋದ ಜೇಮ್ಸ್ ಲ್ಯಾಂಗ್ ಮೊದಲಿಗ ಅನ್ನುವವರೂ ಇದ್ದಾರೆ. ಇಬ್ಬರೂ ಸ್ಕಾಟ್ಲೆಂಡಿನವರೇ. ಆದರೆ ಸೂಟರ್‌ನ ಕಥೆ ನಮಗೆ ಜಾಸ್ತಿ ಗೊತ್ತಿದೆ, ಅದನ್ನೇ ಹೇಳುತ್ತೇನೆ.

ಸೂಟರ್ ಗ್ಲಾಸ್ಗೋದ ಕಲ್ಲುಕುಟಿಗ, ಹುಟ್ಟಿದ್ದು 1857ರಲ್ಲಿ. 1878ರಲ್ಲಿ ಇಂಗ್ಲೆಂಡಿನ ಲ್ಯಾಂಕಶೈರಿನ ಹತ್ತಿ ಮಿಲ್ಲುಗಳ ಊರು ಡಾರ್ವೆನ್‌ಗೆ ಬಂದು, ಅಲ್ಲಿನ ಫುಟ್‌ಬಾಲ್ ಕ್ಲಬ್ಬಿಗೆ ಆಡತೊಡಗಿದ. ಬಂದ ಸ್ವಲ್ಪ ದಿನಕ್ಕೇ ಕಲ್ಲಿನ ಕೆಲಸ ಬಿಟ್ಟ. ಯಾಕಪ್ಪಾ ಅಂದರೆ, ಇಂಗ್ಲೆಂಡಿನ ಕಲ್ಲು ತುಂಬಾ ಗಟ್ಟಿ, ಕೆತ್ತಿದರೆ ಕೈ ಊದಿಕೊಳ್ಳುತ್ತದೆ ಅಂದನಂತೆ! ಕೆಲಸವಿಲ್ಲದವನ ಹೊಟ್ಟೆಪಾಡು ಹೇಗೆ ನಡೆಯುತ್ತಿತ್ತು ಅಂತ ಊರಿನವರಿಗೆ ಅರ್ಥವಾಗದೆ ಇರುತ್ತದಾ? ಆಗ ಆಟಕ್ಕೆ ಸಂಬಳ ಕೊಡುವ ಹಾಗಿರಲಿಲ್ಲ. 1902ರಲ್ಲಿ ಅವನೇ ಬಾಯಿಬಿಟ್ಟು ಹೇಳಿದ: ಇಷ್ಟೇ ಅಂತ ಗೊತ್ತುಮಾಡಿದ ಸಂಬಳ ಇರಲಿಲ್ಲ, ಮೂರು ವಾರ ಏನೂ ಕೇಳದೆ ಇದ್ದು, ಆಮೇಲೆ ಕ್ಲಬ್ಬಿನ ಖಜಾಂಚಿಯ ಹತ್ತಿರ ಹೋಗಿ 10 ಪೌಂಡ್ ಕೇಳುತ್ತಿದ್ದೆವು, ಇಲ್ಲ ಅಂದದ್ದೇ ಇಲ್ಲ.

ಅಷ್ಟು ಕೊಟ್ಟು ಇಟ್ಟುಕೊಳ್ಳಲು ಕಾರಣ ಆಟದ ರೀತಿ. ಇಂಗ್ಲೆಂಡಿನವರು ಚೆಂಡು ಸಿಕ್ಕರೆ ಒಬ್ಬರೇ ಮುನ್ನುಗ್ಗುತ್ತಿದ್ದರು, ಸ್ಕಾಟ್ಲೆಂಡಿನವರು ಪಾಸ್ ಮಾಡಿಕೊಂಡು ಸಾಗುತ್ತಿದ್ದರು. 1879ರ ಎಫ್‌ಎ ಕಪ್ಪಿನಲ್ಲಿ (ಇಂಗ್ಲೆಂಡಿನ ಕ್ಲಬ್ಬುಗಳ ನಾಕೌಟ್ ಟೂರ್ನಿ) ಡಾರ್ವೆನ್, ಶ್ರೀಮಂತರ ತಂಡ ಓಲ್ಡ್ ಇಟೋನಿಯನ್ಸ್ ಎದುರು 1-5ರಿಂದ ಹಿಂದೆ ಬಿದ್ದಿದ್ದು, ಕೊನೆಯ ಕಾಲು ಗಂಟೆಯಲ್ಲಿ ನಾಲ್ಕು ಗೋಲು ಹೊಡೆದು 5-5 ಮಾಡಿತು. ಹೆಚ್ಚುವರಿ ಸಮಯ ಆಡೋಣ ಅಂದರೆ ಇಟೋನಿಯನ್ಸ್ ಒಪ್ಪಲಿಲ್ಲ. ಪಂದ್ಯ ಸಮವಾದ್ದರಿಂದ ಮತ್ತೆ ಆಡಬೇಕು, ಹಾಗಾಗಿ ಡಾರ್ವೆನ್‌ನ ಮಿಲ್ ಕೆಲಸಗಾರರು ಮತ್ತೆ ಮತ್ತೆ ಲಂಡನ್ನಿಗೆ ಹೋಗಬೇಕಾಯಿತು, ಅದಕ್ಕೆ ಊರವರೇ ಚಂದಾ ಎತ್ತಿದರು. ಎರಡನೆಯದು 2-2, ಮೂರನೆಯದರಲ್ಲಿ 2-6ರಿಂದ ಸೋಲು. ಈ ಅನ್ಯಾಯ ಓದಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

1880ರಲ್ಲಿ ಸೂಟರ್ ಪಕ್ಕದ ಊರಿನ ಬ್ಲ್ಯಾಕ್‌ಬರ್ನ್ ರೋವರ್ಸ್ ಸೇರಿದ. ದುಡ್ಡಿನ ಆಸೆಗೆ ಹೋದ ಅಂತ ಡಾರ್ವೆನ್‌ನವರು ಸಿಟ್ಟಾದರು. ಅಲ್ಲಿ 1884, 1885, 1886, ಸಾಲಾಗಿ ಮೂರು ವರ್ಷ ಎಫ್‌ಎ ಕಪ್ ಗೆದ್ದ. ಆ ನಡುವೆ, 1885ರ ಜುಲೈನಲ್ಲಿ, ಆಟಕ್ಕೆ ಸಂಬಳ ಕೊಡುವುದು ಕಾನೂನುಬದ್ಧವಾಯಿತು.

1888ರಲ್ಲಿ ಇಂಗ್ಲೆಂಡಿನ ಕ್ಲಬ್ಬುಗಳ ಫುಟ್‌ಬಾಲ್ ಲೀಗ್ ಶುರುವಾಗುವ ಹೊತ್ತಿಗೆ ಅವನಿಗೆ ಮೂವತ್ತು ದಾಟಿತ್ತು. ಡಿಫೆನ್ಸ್‌ನಲ್ಲಿ ಹೆಸರು ಮಾಡಿದವನು ಲೀಗಿನಲ್ಲಿ ಆಡಿದ್ದು ಒಂದೇ ಪಂದ್ಯ, ಅದೂ ಗೋಲ್‌ಕೀಪರ್ ಆಗಿ.